ಅಜ್ಜಿಗೆ ಇಷ್ಟವಾದದ್ದು

ಪಿತೃಪಕ್ಷ ಮುಗಿಯುವ ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ನಡುಮನೆಯಲ್ಲಿ ಕಳಸ ಹೂಡಿ, ತೀರಿಹೋದವರ ಹೆಸರಿನಲ್ಲಿ ತಂದ ಹೊಸ ಸೀರೆ, ಪಂಚೆಗಳನ್ನು ಅದರ ಮಗ್ಗುಲಲ್ಲಿ ಮಡಿಸಿಟ್ಟು, ಮುಂದೆ ಬಾಳೆ ಎಲೆ ಹಾಸಿ, ಅವರು ಬದುಕಿದ್ದಾಗ ಏನನ್ನು ಆಸೆಪಟ್ಟು ಉಣ್ಣುತ್ತಿದ್ದರೋ ಅದನ್ನೆಲ್ಲ ಬಡಿಸಬೇಕು. ಆಮೇಲೆ ಧೂಪ ಹಾಕಿ, ಮನೆಮಂದಿಯೆಲ್ಲ ಹೊರಗೆ ಬಂದು, ಬಾಗಿಲು ಮುಂದಕ್ಕೆಳೆದುಕೊಂಡು ಜಗಲಿಯ ಮೇಲೆ ಸ್ವಲ್ಪ ಹೊತ್ತು ಕಾಯಬೇಕು. ಒಳಗೆ ಹಿರಿಯರು ಉಣ್ಣುತ್ತಿರುತ್ತಾರೆ ಎಂಬುದು ನಂಬಿಕೆ. ತಾತನ ಎಲೆಗೆ ಏನು ಬಡಿಸಬೇಕೆಂಬುದರಲ್ಲಿ ನಮಗೆ ಯಾವ ವರ್ಷವೂ ಗೊಂದಲವಾಗಿಲ್ಲ. ನಾಟಿ ಕೋಳಿ ಸಾರು, ಮುದ್ದೆ, ಕಾಯಿ ಒಬ್ಬಟ್ಟು, ಎಲೆಯ ಪಕ್ಕಕ್ಕೆ ಒಂದು ಕಟ್ಟು ಬೀಡಿ. ಊರಿನ ಯಾವ ಮನೆಯವರನ್ನು ಕೇಳಿದರೂ ತಾತನಿಗೆ ಇವು ಇಷ್ಟವೆಂದು ಹೇಳುತ್ತಿದ್ದರು.

ಅಜ್ಜಿ ಹೋದದ್ದು 2018ರ ಬೇಸಿಗೆಯಲ್ಲಿ. ಆ ವರ್ಷ ಕನ್ನಂಬಾಡಿ ಕಟ್ಟೆ ಜುಲೈ ತಿಂಗಳಲ್ಲೇ ತುಂಬಿತು. ಹಿಂದಿನ ವರ್ಷಗಳಲ್ಲಿ ನಾಲೆಯ ನೀರಿಗಾಗಿ ಕಾದು ಕಾದು ಬೇಸತ್ತಿದ್ದ ಪಾಂಡವಪುರದ ಸುತ್ತಿನ ಗದ್ದೆ ಬಯಲು, ಅಮಾವಾಸ್ಯೆಗೆ ನಾನು ಮೈಸೂರಿನಿಂದ ಊರಿಗೆ ಹೋಗುವ ಹೊತ್ತಿಗೆ ಎರಡೂ ಬದಿಯಲ್ಲಿ ಹಸಿರಾಗಿ ತೂಗುತ್ತಿತ್ತು. ಅಜ್ಜಿ ಇದ್ದಿದ್ದರೆ ಬದುವಿನ ಮೇಲೆ ನಡೆದು ಒಂದು ಮಡಿಲು ಬೆರಕೆ ಸೊಪ್ಪು ಕಿತ್ತು ತರುತ್ತಿದ್ದಳು ಎಂದು ಯೋಚಿಸುತ್ತಲೇ ಮನೆ ತಲುಪಿದೆ. ಅವಳಿಲ್ಲದ ಮೊದಲ ಎಡೆ ಅದು. ಅಡುಗೆಮನೆಯಲ್ಲಿ ಇಬ್ಬರು ಅತ್ತೆಯರು, ಚಿಕ್ಕಮ್ಮ, ಅಮ್ಮ ಎಲ್ಲರೂ ಸೇರಿದ್ದರು. ತಾತನ ಎಲೆಯ ಅಡುಗೆ ಒಲೆಯ ಮೇಲಿತ್ತು. ಅಜ್ಜಿಯ ಎಲೆಗೆ ಏನು ಮಾಡುವುದು ಎಂದು ಯಾರೋ ಕೇಳಿದರು.

ದೊಡ್ಡತ್ತೆ ಕಜ್ಜಾಯ ಎಂದರು. ಚಿಕ್ಕತ್ತೆ, ಅವ್ವನಿಗೆ ಹಿತಕಿದ ಬೇಳೆ ಸಾರೆಂದರೆ ಪ್ರಾಣ, ಆದರೆ ಇದು ಅವರೆಯ ಕಾಲವಲ್ಲವಲ್ಲ ಎಂದು ಪೇಚಾಡಿದರು. ಅಪ್ಪ ಜಗಲಿಯಿಂದಲೇ ಬಸ್ಸಾರು ಎಂದರು. ಚಿಕ್ಕಪ್ಪ, ನಾಲೆಯ ಮೀನಿನ ಸಾರು ಎಂದು ಹಟ ಹಿಡಿದು ಮೀನು ತರಲು ಹೊರಟೇ ಬಿಟ್ಟರು. ನಾನೂ ಒಂದು ಹೇಳಿದೆ, ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಒಬ್ಬೊಬ್ಬರೂ ಅಷ್ಟು ಖಚಿತವಾಗಿ ಹೇಳುತ್ತಿದ್ದುದನ್ನು ಕೇಳುತ್ತ ನಿಂತಿದ್ದ ನನಗೆ ಒಂದು ಸಂಗತಿ ಹೊಳೆಯಲು ಸ್ವಲ್ಪ ಸಮಯ ಬೇಕಾಯಿತು. ಕಜ್ಜಾಯ ದೊಡ್ಡತ್ತೆಗೆ ಇಷ್ಟ. ಹಿತಕಿದ ಬೇಳೆ ಚಿಕ್ಕತ್ತೆಯದು. ಬಸ್ಸಾರು ಅಪ್ಪನದು, ಮೀನು ಚಿಕ್ಕಪ್ಪನದು, ರೊಟ್ಟಿ ಚಟ್ನಿ ನನ್ನದು. ಅಜ್ಜಿ ಯಾವುದನ್ನು ನಮಗಾಗಿ ಅಕ್ಕರೆಯಿಂದ ಮಾಡುತ್ತಿದ್ದಳೋ ಅದೇ ಅವಳಿಗೂ ಇಷ್ಟವೆಂದು ಪ್ರತಿಯೊಬ್ಬರೂ ಅಷ್ಟು ವರ್ಷವೂ ನಂಬಿಕೊಂಡು ಬಂದಿದ್ದೆವು. ಮೂವತ್ತನಾಲ್ಕು ವರ್ಷ ಅದೇ ಒಲೆಯ ಮುಂದೆ ಅವಳ ಜೊತೆ ನಿಂತಿದ್ದ ಅಮ್ಮ ಮಾತ್ರ ಏನೂ ಹೇಳಲಿಲ್ಲ. ಬಹಳ ಹೊತ್ತಿನ ಮೇಲೆ, ಕೊತ್ತಂಬರಿ ಬಿಡಿಸುತ್ತಿದ್ದ ಕೈ ನಿಲ್ಲಿಸಿ, "ಅತ್ತೆ ಕೂತು ಉಣ್ಣೋದನ್ನ ನಾನು ನೋಡೇ ಇಲ್ಲ ಕಣೇ" ಎಂದರು.

ಆ ಮಾತು ನನ್ನನ್ನು ಒಂದು ವರ್ಷ ಬಿಡಲಿಲ್ಲ. ಅದನ್ನು ಇಟ್ಟುಕೊಂಡೇ ನಾನು ಅಜ್ಜಿಯನ್ನು ಮತ್ತೆ ನೆನಪು ಮಾಡಿಕೊಳ್ಳಲು ಕೂತೆ.

ಅಜ್ಜಿ ನಾಗಮಂಗಲ ಸೀಮೆಯ ಹೆಣ್ಣು. ಆಧಾರ್ ಕಾರ್ಡಿನಲ್ಲಿ ಅವಳು ಹುಟ್ಟಿದ್ದು 1936ರ ಜನವರಿ 1ರಂದು. ಅವಳ ಓರಗೆಯ ಹೆಂಗಸರಲ್ಲಿ ಅನೇಕರು ಜನವರಿ 1ರಂದೇ ಹುಟ್ಟಿದವರು, ಆ ತಾರೀಖನ್ನು ಬರೆದುಕೊಂಡವರು ಅಂದಾಜಿನ ಮೇಲೆ ಬರೆದದ್ದು. ಹದಿನಾರನೆಯ ವಯಸ್ಸಿಗೆ ಮದುವೆಯಾಗಿ ಹಿರೋಡೆಯ ಕಡೆಗೆ ಬಂದಳು. ಪಾಂಡವಪುರವನ್ನು ಅವಳು ಕೊನೆಯವರೆಗೂ ಹಿರೋಡೆ ಎಂದೇ ಕರೆದಳು. ಒಂದೇ ಜಿಲ್ಲೆಯೊಳಗೆ, ಎತ್ತಿನ ಗಾಡಿಯಲ್ಲಿ ಒಂದು ಹಗಲಿನ ದಾರಿ. ಆದರೂ ಅದು ಒಂದು ಲೋಕದಿಂದ ಇನ್ನೊಂದಕ್ಕೆ ಬಂದ ಹಾಗೆ. ಅವಳ ತವರು ಮಳೆಯನ್ನೇ ನಂಬಿದ ಕೆಂಪು ನೆಲ. ರಾಗಿ, ಅದರ ಸಾಲಿನ ನಡುವೆ ಅವರೆ, ಹುಚ್ಚೆಳ್ಳು, ಮಳೆ ಹಿಂದೆ ಸರಿಯುವ ಹೊತ್ತಿಗೆ ಬಿತ್ತಿದ ಹುರುಳಿ. ಬಂದು ಸೇರಿದ್ದು ಕನ್ನಂಬಾಡಿಯಿಂದ ಹೊರಟು ಹುಲಿಕೆರೆಯ ಸುರಂಗ ಹಾಯ್ದು ಬರುವ ವಿಶ್ವೇಶ್ವರಯ್ಯ ನಾಲೆಯ ಬಯಲಿಗೆ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾದದ್ದು 1933ರಲ್ಲಿ, ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅಜ್ಜಿ ಸೊಸೆಯಾಗಿ ಬರುವ ಹೊತ್ತಿಗೆ ಕಬ್ಬು, ಭತ್ತ ಕಂಡ ಮನೆಗಳಿಗೆ ನೀರಿನ ಹಮ್ಮು ಬಂದಾಗಿತ್ತು. ಒಣಸೀಮೆಯ ಹುಡುಗಿ, ಹುರುಳಿ ತಿನ್ನೋ ಊರವಳು ಎಂದು ಮುತ್ತಜ್ಜಿ ಅವಳನ್ನು ಆಡಿಕೊಳ್ಳುತ್ತಿದ್ದಳಂತೆ. ಇದನ್ನು ಅಜ್ಜಿ ನನಗೆ ಒಂದೇ ಸಲ, ಯಾವ ಕಹಿಯೂ ಇಲ್ಲದೆ ಹೇಳಿದ್ದಳು. ಹೇಳಿದವಳೇ ಎದ್ದು ಹೋಗಿ ಸಾರಿಗೆ ಉಪ್ಪು ನೋಡಿದ್ದಳು.

ಅವಳ ಅಡುಗೆಯನ್ನು ವಿವರಿಸಲು ಹೊರಟರೆ ನಾನು ಮೊದಲು ಹೇಳಬೇಕಾದದ್ದು ಮುದ್ದೆಯ ವಿಚಾರ. ಅವಳು ಅದನ್ನು ಮುದ್ದೆ ಎನ್ನುತ್ತಿರಲಿಲ್ಲ, ಹಿಟ್ಟು ಎನ್ನುತ್ತಿದ್ದಳು. ಎಸರಿಗೆ ಮೊದಲು ಒಂದು ಹಿಡಿ ಹಿಟ್ಟು ಕದಡಿ ಬಿಟ್ಟು, ಅದು ಉಕ್ಕಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೈ ಹಾಕದೆ ಹಾಗೇ ಬಿಡುತ್ತಿದ್ದಳು. ಗುಡ್ಡೆಯ ಸುತ್ತ ನೀರು ಗೊಜಗೊಜ ಎಂದು ಕುದಿಯುತ್ತ ಹಿಟ್ಟು ಒಳಗಿನಿಂದ ಬೇಯಬೇಕು. ಈ ಕಾಯುವಿಕೆಯಲ್ಲೇ ಮುದ್ದೆಯ ಹದವಿದೆ, ಅವಸರ ಮಾಡಿದವರ ಮುದ್ದೆ ಗಂಟು ಬೀಳುತ್ತದೆ. ಆಮೇಲೆ ಪಾತ್ರೆಯನ್ನು ಕೆಳಗಿಳಿಸಿ, ಕವೆಗೋಲಿನಿಂದ ಅದನ್ನು ಅಲುಗದಂತೆ ಅದುಮಿ, ಕೋಲು ಹಿಡಿದು ತೊಳೆಸುವಾಗ ಅಷ್ಟು ಸಣ್ಣ ಮೈಯ ಹೆಂಗಸಿಗೆ ಅಷ್ಟು ಬಲ ಎಲ್ಲಿಂದ ಬರುತ್ತಿತ್ತೋ. ಮರದ ಹಲಗೆಯ ಮೇಲೆ ನೀರು ಸವರಿ, ಬಿಸಿ ಹಿಟ್ಟನ್ನು ಅಂಗೈಯಲ್ಲಿ ಹೊರಳಿಸಿ ಮುದ್ದೆ ಕಟ್ಟುತ್ತಿದ್ದಳು. ತೂಕದ ಕಲ್ಲಿಲ್ಲದೆ ಮನೆಯ ಪ್ರತಿಯೊಬ್ಬರ ಹೊಟ್ಟೆಯ ಅಳತೆ ಅವಳ ಅಂಗೈಗೆ ಗೊತ್ತಿತ್ತು. ನನಗೆ ಜ್ವರ ಬಿಟ್ಟ ಮರುದಿನ ನನ್ನ ಮುದ್ದೆ ನಿಂಬೆಹಣ್ಣಿನ ಗಾತ್ರಕ್ಕಿಳಿದಿರುತ್ತಿತ್ತು. ಕಬ್ಬು ಕಡಿಯುವ ದಿನಗಳಲ್ಲಿ ಅಪ್ಪನದು ಎರಡು ಕೈ ತುಂಬುತ್ತಿತ್ತು.

ರಾಗಿಯ ಬಗ್ಗೆ ಅವಳಿಗೆ ಖಚಿತವಾದ ಅಭಿಪ್ರಾಯಗಳಿದ್ದವು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ನಾಡಿನ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ತಂದ ಇಂಡಾಫ್ ತಳಿಗಳು ನಮ್ಮೂರಿಗೂ ಬಂದಾಗ, ಹೊಲದಲ್ಲಿ ತೆನೆಯ ಗಾತ್ರ ನೋಡಿ ಮೊದಲು ಕೈಮುಗಿದವಳು ಅವಳೇ ಎಂದು ಅಪ್ಪ ಹೇಳುತ್ತಾರೆ. ಮಕ್ಕಳಿಗೆ ಎರಡು ಹೊತ್ತು ಹೊಟ್ಟೆ ತುಂಬಾ ಹಿಟ್ಟು ಸಿಗುವಂತಾದದ್ದು ಆ "ಇಂಡಾಪಿನಿಂದ" ಎಂದು ಅವಳು ಎಲ್ಲರೆದುರೂ ಹೇಳುತ್ತಿದ್ದಳು. ಆದರೂ ತವರಿನ ಹಳೆಯ ರಾಗಿಯ ಕಂಪು ಇದಕ್ಕಿಲ್ಲವೆಂದು ಬೀಸುವಾಗ ತನ್ನಷ್ಟಕ್ಕೆ ಅಂದುಕೊಳ್ಳುತ್ತಿದ್ದುದನ್ನು ಅತ್ತೆಯರು ಕೇಳಿಸಿಕೊಂಡಿದ್ದಾರೆ. ತವರಿನ ರುಚಿ ಅವಳೊಳಗೆ ಎಷ್ಟು ಆಳದಲ್ಲಿತ್ತು ಎಂಬುದಕ್ಕೆ ಈ ಒಂದು ಮಾತೇ ನಮಗೆ ಸಾಕಾಗಬೇಕಿತ್ತು. ನಾವು ಗಮನಿಸಲಿಲ್ಲ.

ಬಸ್ಸಾರು, ಮಸ್ಸೊಪ್ಪು, ಉಪ್ಸಾರು ಈ ಮೂರನ್ನೂ ಅವಳು ವಾರದಲ್ಲಿ ತಿರುಗಿಸುತ್ತಿದ್ದಳು. ಬದುವಿನಲ್ಲಿ ತಾನಾಗಿ ಬೆಳೆದ ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಹೊನಗೊನೆ ಸೊಪ್ಪುಗಳನ್ನು ದಂಟಿನ ಜೊತೆ ಬೆರೆಸಿ, ಕಾಳಿನೊಡನೆ ಬೇಯಿಸಿ, ಕಟ್ಟು ಬಸಿದು, ಒಂದೇ ಬೇಯಿಸುವಿಕೆಯಲ್ಲಿ ಸಾರು ಬೇರೆ, ಪಲ್ಯ ಬೇರೆ ಮಾಡುವ ಬಸ್ಸಾರು ಸಾಮಾನ್ಯ ಬುದ್ಧಿಯ ಅಡುಗೆಯಲ್ಲ. ಸೌದೆ ಮಿಗಿಸಬೇಕು, ಹೊತ್ತು ಮಿಗಿಸಬೇಕು, ಹನ್ನೊಂದು ಜನಕ್ಕೆ ಎರಡು ಬಗೆ ಬಡಿಸಬೇಕು ಎಂಬ ಕಷ್ಟವನ್ನು ಎಷ್ಟೋ ತಲೆಮಾರಿನ ಹೆಂಗಸರು ಒಲೆಯ ಮುಂದೆ ನಿಂತು ಬಿಡಿಸಿದ ಬಗೆ ಅದು. ಉಪ್ಸಾರಿನ ಖಾರವನ್ನು ಮಾತ್ರ ಅಜ್ಜಿ ಯಾರ ಕೈಗೂ ಕೊಡುತ್ತಿರಲಿಲ್ಲ. ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆ, ಉಪ್ಪು ಒರಳಲ್ಲಿ ಹಾಕಿ, ಗುಂಡು ಒಂದು ಸುತ್ತು ಹೆಚ್ಚು ತಿರುಗಿದರೂ ಕೆಟ್ಟುಹೋಗುತ್ತದೆಂಬಂತೆ ಕಣ್ಣಿಟ್ಟು ಅರೆಯುತ್ತಿದ್ದಳು. ಮಿಕ್ಸಿ ಬಂದ ಮೇಲೂ ಖಾರಕ್ಕೆ ಒರಳೇ ಆಗಬೇಕಿತ್ತು.

ಮಾಗಿಯ ಚಳಿಗೆ ಅವರೆಕಾಯಿ ಬಂದರೆ ನಮ್ಮ ಮನೆ ತುಂಬುತ್ತಿತ್ತು. ಸಂಜೆ ಕಾಯಿ ಸುಲಿದು ಕಾಳು ನೆನೆಹಾಕಿದರೆ ಬೆಳಿಗ್ಗೆ ಎಲ್ಲರೂ ಸುತ್ತ ಕೂತು ಹಿತಕಬೇಕು. ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಬಟ್ಟಲಿಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಮಾತು ಬಿಟ್ಟಿದ್ದ ಅಪ್ಪ ಮತ್ತು ಚಿಕ್ಕಪ್ಪ ಒಂದು ವರ್ಷ ಆ ಬಟ್ಟಲಿನ ಎದುರುಬದುರು ಕೂತು, ಎರಡು ಸೇರು ಕಾಳು ಮುಗಿಯುವ ಹೊತ್ತಿಗೆ ಗದ್ದೆಯ ನೀರಿನ ವಿಚಾರ ಮಾತಾಡತೊಡಗಿದ್ದರು. ಅವರನ್ನು ಹಾಗೆ ಎದುರುಬದುರು ಕೂರಿಸಿದವಳು ಅಜ್ಜಿ. ಪಾಲು ಪಂಚಾಯಿತಿ ಮಾಡಿದವರಿಗೆ ಸಾಧ್ಯವಾಗದ್ದು ಅವಳ ಅವರೆಕಾಳಿಗೆ ಸಾಧ್ಯವಾಯಿತು ಎಂದು ನಾನು ಈಗಲೂ ನಂಬಿದ್ದೇನೆ.

ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದ ಎರಡು ವರ್ಷ, ಭಾನುವಾರ ಬೆಳಗಿನ ಬಸ್ಸಿನಲ್ಲಿ ನನಗೊಂದು ಟಿಫನ್ ಕ್ಯಾರಿಯರ್ ಬರುತ್ತಿತ್ತು. ಅಜ್ಜಿ ನಸುಕಿನಲ್ಲೇ ಎದ್ದು ಮಾಡಿ, ತಾನೇ ಊರಬಾಗಿಲವರೆಗೆ ನಡೆದು ಕಂಡಕ್ಟರ್ ಕೈಗೆ ಕೊಡುತ್ತಿದ್ದಳು. ಶ್ರೀರಂಗಪಟ್ಟಣ ದಾಟಿ ಮೈಸೂರಿಗೆ ಬಸ್ಸು ಬರುವುದನ್ನು ಕಾಯುತ್ತ ನಾನು ನಿಲ್ದಾಣದಲ್ಲಿ ನಿಂತಿರುತ್ತಿದ್ದೆ. ಮುದ್ದೆ ಪ್ರಯಾಣಕ್ಕೆ ಒಗ್ಗುವುದಿಲ್ಲ, ಆರಿ ಬಿರುಸಾಗುತ್ತದೆ. ಅದಕ್ಕೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಊರಿನ ಸುದ್ದಿಯೆಲ್ಲ ಆ ಕ್ಯಾರಿಯರಿನಲ್ಲೇ ಬರುತ್ತಿತ್ತು. ಕೆಳಗಿನ ಡಬ್ಬಿಯಲ್ಲಿ ಗಿಣ್ಣು ಇದ್ದರೆ ಹಸು ಕರು ಹಾಕಿದೆ. ಬಾಳೆ ಎಲೆಯಲ್ಲಿ ಸುತ್ತಿದ ಎಳೆ ಬಿಸಿಯ ಬೆಲ್ಲವಿದ್ದರೆ ಆಲೆಮನೆ ಶುರುವಾಗಿದೆ. ಅವರೆಕಾಳು ಉಸಲಿ ಬಂದರೆ ಊರಿಗೆ ಚಳಿ ಇಳಿದಿದೆ. ಎಳ್ಳು ಬೆಲ್ಲ, ಕಬ್ಬಿನ ತುಂಡು ಬಂದ ದಿನ, ಸಂಜೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ನಾನು ಈ ವರ್ಷ ನೋಡಲಾಗಲಿಲ್ಲವೆಂದು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ. ಒಂದು ಭಾನುವಾರ ಕ್ಯಾರಿಯರ್ ಬರಲಿಲ್ಲ. ಊರಿಗೆ ಫೋನು ಮಾಡುವ ಮೊದಲೇ ನನಗೆ ಗೊತ್ತಾಗಿತ್ತು, ತಾತ ಹೋಗಿದ್ದರು.

ಖಾಲಿ ಕ್ಯಾರಿಯರನ್ನು ಸಂಜೆಯ ಬಸ್ಸಿಗೆ ಕೊಟ್ಟು ಕಳಿಸುವಾಗ ಅದರೊಳಗೆ ನಾನು ಏನನ್ನೂ ಇಟ್ಟು ಕಳಿಸಿದವಳಲ್ಲ. ದೇವರಾಜ ಮಾರುಕಟ್ಟೆ ಹಾಸ್ಟೆಲಿನಿಂದ ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲೇ ಇತ್ತು. ಒಂದು ಮೊಳ ಮಲ್ಲಿಗೆ, ನಾಲ್ಕು ರಸಬಾಳೆ, ಏನಾದರೂ ಇಡಬಹುದಿತ್ತು. ಅಜ್ಜಿಗೆ ಏನು ಇಷ್ಟವೆಂದು ಆಗಲೇ ಒಮ್ಮೆ ಯೋಚಿಸಿದ್ದರೆ ಎಂಬುದು ಈಗ ನನ್ನನ್ನು ಕಾಡುತ್ತದೆ.

ಅವಳು ಯಾವಾಗ ಉಣ್ಣುತ್ತಿದ್ದಳು ಎಂದು ನೆನಪಿಸಿಕೊಳ್ಳಲು ಎಷ್ಟು ಪ್ರಯತ್ನಿಸಿದರೂ ನನಗೆ ಕಾಣುವುದು ಒಂದೇ ಚಿತ್ರ. ಎಲ್ಲರೂ ಎದ್ದ ಮೇಲೆ, ಪಾತ್ರೆಯ ತಳಕ್ಕೆ ಹತ್ತಿದ ರಾಗಿಯ ಸೀಕಲನ್ನು ಸೌಟಿನಿಂದ ಕೆರೆದು, ಮಜ್ಜಿಗೆಗೆ ಹಾಕಿಕೊಂಡು, ಒಲೆಯ ಕಟ್ಟೆಗೆ ಒರಗಿ ನಿಂತು ನಾಲ್ಕು ತುತ್ತು. ಮಕ್ಕಳಾದ ನಾವು ಸೀಕಲಿಗೆ ಜಗಳವಾಡುತ್ತಿದ್ದೆವು, ಹಾಗಾಗಿ ಅದೂ ಪೂರ್ತಿ ಅವಳ ಪಾಲಿಗೆ ಸಿಗುತ್ತಿರಲಿಲ್ಲ. ಅದು ಅವಳಿಗೆ ಇಷ್ಟವಿತ್ತೋ, ಉಳಿದದ್ದು ಅದೊಂದೇ ಆಗಿತ್ತೋ, ಹೇಗೆ ಹೇಳುವುದು. ಕೊನೆಯ ಎರಡು ವರ್ಷ ಅವಳು ಹೆಚ್ಚಾಗಿ ಮಲಗಿಯೇ ಇದ್ದಳು. ಏನು ಬೇಕು ಅಜ್ಜಿ ಎಂದು ಕೇಳಿದರೆ, "ನೀವುಂಡ್ರಾ?" ಎನ್ನುತ್ತಿದ್ದಳು. ನಮ್ಮ ಪ್ರಶ್ನೆಗೆ ಅವಳ ಉತ್ತರ ಪ್ರತಿ ಸಲವೂ ಒಂದು ಪ್ರಶ್ನೆಯೇ ಆಗಿತ್ತು.

ಮರುವರ್ಷ, 2019ರಲ್ಲಿ, ಅಮಾವಾಸ್ಯೆಗೆ ನಾಲ್ಕು ದಿನ ಮೊದಲೇ ಊರಿಗೆ ಹೋದೆ. ನಮ್ಮ ಹಿತ್ತಿಲಿಗೆ ಹೊಂದಿದ ಮನೆಯಲ್ಲಿ ಅಜ್ಜಿಯ ಓರಗೆಯ ಒಬ್ಬರು ಇನ್ನೂ ಇದ್ದಾರೆ. ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ. ಜಗಲಿಯಲ್ಲಿ ಅವರ ಪಕ್ಕ ಕೂತು ನೇರವಾಗಿ ಕೇಳಿದೆ. ಅವರಿಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ.

"ಹುರುಳಿ ಕಣವ್ವ. ಎತ್ತಿಗೆ ಬೇಯ್ಸಿದ್ ಹುರುಳಿ. ಕೊಟ್ಟಿಗೇಲಿ ಕೂತ್ಕಂಡು, ಉಪ್ಪು, ಹಸೀ ಮೆಣ್ಸಿನಕಾಯಿ ನಂಚ್ಕಂಡು ತಿನ್ನೋಳು. ನಂಗೂ ಒಂದು ಬೊಗಸೆ ಕೊಡೋಳು. ಇಬ್ರೂ ಮಾತಾಡ್ಕಂಡು ತಿನ್ತಿದ್ವಿ."

ನಮ್ಮೂರಿನ ಬೇರೆ ಮನೆಗಳಲ್ಲಿ ಹುರುಳಿ ಕಾಳಿನ ಸಾರು, ಹುರುಳಿ ಕಟ್ಟಿನ ಸಾರು ಮಾಡುತ್ತಾರೆ. ನಮ್ಮ ಮನೆಯಲ್ಲಿ ಮಾಡುತ್ತಿರಲಿಲ್ಲ. ಹುರುಳಿ ಎತ್ತಿನ ಪಾಲಿನದು ಎಂದು ಮುತ್ತಜ್ಜಿ ಗೆರೆ ಎಳೆದಿದ್ದಳು. ಅವಳು ಹೋದ ಮೇಲೂ ಆ ಗೆರೆಯನ್ನು ಯಾರೂ ಅಳಿಸಲಿಲ್ಲ. ಅಳಿಸಬೇಕೆಂದು ಅಜ್ಜಿ ಕೇಳಲೂ ಇಲ್ಲ. ಉಳುಮೆಯ ಎತ್ತುಗಳಿಗೆ ಕಸುವು ಬರಲೆಂದು ನಸುಕಿನಲ್ಲಿ ಕೊಟ್ಟಿಗೆಯ ಒಲೆಯ ಮೇಲೆ ದೊಡ್ಡ ಹರವಿಯಲ್ಲಿ ಹುರುಳಿ ಬೇಯುತ್ತಿತ್ತು. ಹರವಿಯನ್ನು ನೋಡಿಕೊಳ್ಳುವ ಕೆಲಸ ಅಜ್ಜಿಯದು. ತವರಿನ ಕಣದಲ್ಲಿ ಹುರುಳಿ ಬಡಿಯುವ ದಿನಗಳಲ್ಲಿ ಅಲ್ಲೇ ಮೂರು ಕಲ್ಲು ಹೂಡಿ, ಹೊಸ ಕಾಳು ಬೇಯಿಸಿ, ಮನೆಯವರು ಆಳುಮಕ್ಕಳೆನ್ನದೆ ಸುತ್ತ ಕೂತು ತಿನ್ನುತ್ತಿದ್ದರು ಎಂದು ಅಜ್ಜಿ ಆ ನೆರೆಮನೆಯ ಗೆಳತಿಗೆ ಹೇಳಿದ್ದಳಂತೆ. ಐದು ಮಕ್ಕಳ ತಾಯಿಯಾದ ಮೇಲೂ, ಸೊಸೆಯಂದಿರು ಬಂದ ಮೇಲೂ, ಹುರುಳಿಯ ಹರವಿಯ ಪಕ್ಕದ ಆ ಅರ್ಧ ಗಳಿಗೆ ಅವಳದೇ ಆಗಿತ್ತು.

ಅವರು ಹೇಳುತ್ತಿದ್ದಂತೆ ನನಗೆ ಒಂದು ವಾಸನೆ ನೆನಪಾಯಿತು. ನನಗೆ ಐದಾರು ವರ್ಷ ಇರಬೇಕು. ಬೆಳಿಗ್ಗೆ ಕಣ್ಣುಜ್ಜಿಕೊಂಡು ಹಿತ್ತಿಲಿಗೆ ಹೋದರೆ, ಅಜ್ಜಿ ಕೊಟ್ಟಿಗೆಯಿಂದ ಬರುತ್ತ ಮಡಿಲು ಬಿಚ್ಚಿ, "ತಗಾ ಮಗಾ" ಎಂದು ನನ್ನ ಅಂಗೈಗೆ ಬೆಚ್ಚಗಿನ ಕಂದು ಕಾಳು ಸುರಿಯುತ್ತಿದ್ದಳು. ಮಣ್ಣಿನ, ಹೊಗೆಯ, ಉಪ್ಪಿನ ರುಚಿ. ಅದೇನೆಂದು ನಾನು ಕೇಳಿದವಳಲ್ಲ. ಯಾರಿಗೂ ಹೇಳಬೇಡ ಎಂದು ಅವಳು ಹೇಳಿರಲೂ ಇಲ್ಲ. ಅಷ್ಟು ಜನರ ಮನೆಯಲ್ಲಿ ತನಗಾಗಿ ಅವಳು ಎತ್ತಿಟ್ಟುಕೊಂಡಿದ್ದುದು ಆ ಒಂದು ಬೊಗಸೆ. ಅದರಲ್ಲೂ ನನಗೆ ಪಾಲಿತ್ತು.

1996ರಲ್ಲಿ ಚಿಕ್ಕಪ್ಪ ಟ್ರ್ಯಾಕ್ಟರ್ ತಂದರು. ಅದೇ ತಿಂಗಳು ಎತ್ತಿನ ಜೋಡಿಯನ್ನು ಮಾರಿದರು. ಎತ್ತುಗಳನ್ನು ಹಿಡಿದುಕೊಂಡು ಹೋದ ದಿನ ಅಜ್ಜಿ ಕೊಟ್ಟಿಗೆಯ ಬಾಗಿಲಲ್ಲಿ ಸಂಜೆಯವರೆಗೆ ಕೂತಿದ್ದಳು. ಎತ್ತುಗಳಿಗಾಗಿ ಅಳುತ್ತಿದ್ದಾಳೆಂದು ಎಲ್ಲರೂ ಸಮಾಧಾನ ಮಾಡಿದ್ದೆವು. ಎತ್ತುಗಳಿಗಾಗಿಯೂ ಅತ್ತಿದ್ದಾಳು. ಮರುದಿನದಿಂದ ಹರವಿ ಬೋರಲು ಬಿತ್ತು. ನಮ್ಮ ಮನೆಯಲ್ಲಿ ಹುರುಳಿ ಬೇಯಲಿಲ್ಲ, ಇಪ್ಪತ್ತೆರಡು ವರ್ಷ. ಇದನ್ನು ಅಮ್ಮನಿಗೆ ಹೇಳಿದಾಗ ಅವರು ಬೆರಳು ಮಡಿಸಿ ಎಣಿಸಿದರು. ಎಣಿಸಿ, ಎದ್ದು ಹೋಗಿ ಅಟ್ಟದ ಮೇಲಿನಿಂದ ಹಳೆಯ ಹರವಿಯನ್ನು ಇಳಿಸಿದರು. ಬಾಯಿಯ ಒಂದು ಅಂಚು ಒಡೆದಿತ್ತು. ಬೂದಿ ಹಾಕಿ ಎರಡು ಸಲ ಉಜ್ಜಿದರು.

ನಾಗಮಂಗಲದ ಸಂತೆಯಿಂದ ಅಪ್ಪ ಎರಡು ಸೇರು ಹುರುಳಿ ತಂದರು. ಪಾಂಡವಪುರದಲ್ಲೂ ಸಿಗುತ್ತಿತ್ತು, ಅವರೇ ಅಷ್ಟು ದೂರ ಹೋಗಿ ಬಂದರು. ಅಮಾವಾಸ್ಯೆಯ ಬೆಳಿಗ್ಗೆ ಹಿತ್ತಿಲಲ್ಲಿ ಕಲ್ಲು ಹೂಡಿ, ಸೌದೆ ಒಲೆಯ ಮೇಲೆ ಹರವಿಯಿಟ್ಟೆವು. ಕಾಳು ಬೇಗ ಬೇಯುವುದಿಲ್ಲ. ರಾತ್ರಿಯೇ ನೆನೆಹಾಕಿದ್ದರೂ ಬಿಸಿಲೇರುವವರೆಗೆ ಉರಿ ಬೇಕಾಯಿತು. ಹರವಿಯ ಬಾಯಿಂದ ಆವಿ ಏಳತೊಡಗಿದಾಗ ಅಪ್ಪ ಹಿತ್ತಿಲ ಬಾಗಿಲಿಗೆ ಬಂದು, ಮೂಗರಳಿಸಿ, ಏನನ್ನೋ ಹೇಳಲು ಹೋಗಿ ಸುಮ್ಮನಾದರು.

ಕಜ್ಜಾಯ, ಬಸ್ಸಾರು, ಮೀನು, ರೊಟ್ಟಿ ಎಲ್ಲವನ್ನೂ ಆ ವರ್ಷವೂ ಮಾಡಿದೆವು. ನಮಗೆಂದು ಅವಳು ಮಾಡಿದ್ದನ್ನು ಅವಳಿಗೆಂದು ಮಾಡುವುದರಲ್ಲಿ ತಪ್ಪೇನೂ ಇಲ್ಲ ಎಂದು ಚಿಕ್ಕತ್ತೆ ಹೇಳಿದರು, ನನಗೂ ಅದು ಸರಿಯೆನಿಸಿತು. ಆದರೆ ಎಲೆಯ ನಡುವೆ, ಮುದ್ದೆ ಇಡುವ ಜಾಗದಲ್ಲಿ, ಅಮ್ಮ ಎರಡು ಬೊಗಸೆ ಹುರುಳಿ ಇಟ್ಟರು. ಪಕ್ಕದಲ್ಲಿ ಕಲ್ಲುಪ್ಪು, ಮೂರು ಹಸಿಮೆಣಸಿನಕಾಯಿ. ಎಲೆಯ ಮುಂದೆ ಒಂದು ಮಣೆ ಹಾಕಿದರು. ಹಿಂದಿನ ವರ್ಷ ಮಣೆ ಹಾಕಿರಲಿಲ್ಲ.

ಧೂಪ ಹಾಕಿ, ಕೈಮುಗಿದು, ಎಲ್ಲರೂ ಹೊರಗೆ ಬಂದೆವು. ಬಾಗಿಲು ಎಳೆದುಕೊಂಡೆವು. ಜಗಲಿಯಲ್ಲಿ ಮಕ್ಕಳು ಹಸಿವೆಂದು ಗಲಾಟೆ ಮಾಡುತ್ತಿದ್ದವು. ಪಕ್ಕದ ಮನೆಯ ಮುದುಕಿ ಕೋಲೂರಿಕೊಂಡು ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಬಾಗಿಲ ಸಂದಿಯಿಂದ ಧೂಪದ ಜೊತೆ ಹುರುಳಿಯ ಬಿಸಿ ವಾಸನೆ ಬರುತ್ತಿತ್ತು. ಎಂದಿನಷ್ಟು ಹೊತ್ತು ಕಳೆದ ಮೇಲೆ ದೊಡ್ಡತ್ತೆ ಬಾಗಿಲು ತೆಗೆಯಲು ಎದ್ದರು. ಅಮ್ಮ ಅವರ ಕೈ ಹಿಡಿದು ಕೂರಿಸಿದರು.

"ಇನ್ನೊಸಿ ಹೊತ್ತು ಇರ್ಲಿ ಅತ್ಗೆ," ಎಂದರು, "ಇವತ್ತು ಅತ್ತೆ ಕೂತು ಉಣ್ತಾವ್ರೆ."